ತೊಳೆಯದ ಡಬ್ಬಿ

ಬೆಳಿಗ್ಗೆ ಐದೂ ಮುಕ್ಕಾಲು. ಜಯನಗರ ಒಂಬತ್ತನೇ ಬ್ಲಾಕಿನ ಆ ಮನೆಯಲ್ಲಿ ಇನ್ನೂ ಯಾರೂ ಎದ್ದಿಲ್ಲ. ತಮಗೆಂದೇ ಕೊಟ್ಟಿರುವ ಬೀಗದ ಕೈಯಿಂದ ಬಾಗಿಲು ತೆಗೆದು ಒಳಗೆ ಬಂದ ಸಿದ್ದಗಂಗಮ್ಮ, ಕೈಕಾಲು ತೊಳೆದು, ಹಣೆಯ ವಿಭೂತಿ ಸರಿಯಿದೆಯಾ ಅಂತ ಫ್ರಿಜ್ಜಿನ ಬಾಗಿಲಲ್ಲೇ ಒಮ್ಮೆ ನೋಡಿಕೊಂಡು, ಅಡುಗೆಮನೆಯ ಲೈಟ್ ಹಾಕುತ್ತಾರೆ. ಈಗ ಒಲೆ ಹಚ್ಚುತ್ತಾರೆ ಅಂದುಕೊಂಡರೆ, ಊಹೂಂ. ನೇರ ಸಿಂಕಿನ ಹತ್ತಿರ ಹೋಗಿ, ನಿನ್ನೆಯಿಂದ ಹಾಗೇ ಬಿದ್ದಿರುವ ಎಂಜಲು ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದು, ಡಾಕ್ಟರು ಎಕ್ಸ್‌ರೇ ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡುತ್ತಾರೆ.

ಒಂದು ಡಬ್ಬಿಯ ಮೂಲೆಯಲ್ಲಿ ಬೀನ್ಸ್ ತುಂಡುಗಳು ಗುಡ್ಡೆ ಬಿದ್ದಿವೆ. ಅದು ಆಶ್ರಿತನದು, ಎರಡನೇ ಕ್ಲಾಸು. ಪಲಾವ್ ಪೂರ್ತಿ ತಿಂದಿದ್ದಾನೆ, ಬೀನ್ಸ್ ಮಾತ್ರ ಆರಿಸಿ ಇಟ್ಟಿದ್ದಾನೆ. "ಬೀನ್ಸ್ ಸೇರಲ್ಲ ಅಂತಲ್ಲ. ನಾನು ಉದ್ದುದ್ದ ಹೆಚ್ಚಿಬಿಟ್ಟಿದ್ದೆ, ನಾರು ಸಿಕ್ಕಿರತ್ತೆ. ಇವತ್ತು ಸಣ್ಣಕ್ಕೆ ಹೆಚ್ಚಿ ಪರಾಠದೊಳಗೆ ಸೇರಿಸಿಬಿಡ್ತೀನಿ, ಗೊತ್ತೇ ಆಗಲ್ಲ ಅವನಿಗೆ," ಅನ್ನುತ್ತಾ ಡಬ್ಬಿಗೆ ನೀರು ಬಿಡುತ್ತಾರೆ. ಆಮೇಲೆ ಒಲೆ.

ಐವತ್ತಮೂರು ವರ್ಷದ ಸಿದ್ದಗಂಗಮ್ಮ ಅಡುಗೆಯವರು ಹೌದು, ಆದರೆ ಮನೆಮಂದಿಯ ಅಡುಗೆ ಮಾಡುವವರಲ್ಲ. ಅವರದು ಮಕ್ಕಳ ಡಬ್ಬಿ ಕೆಲಸ ಮಾತ್ರ. ಗಂಡ ಹೆಂಡತಿ ಇಬ್ಬರೂ ಎಂಟು ಗಂಟೆಗೆ ಮನೆ ಬಿಡುವ, ಬೆಳಗಿನ ಹೊತ್ತು ಒಂದು ಟೊಮೇಟೊ ಹೆಚ್ಚಲೂ ಪುರುಸೊತ್ತಿಲ್ಲದ ನಾಲ್ಕು ಮನೆ, ಐದು ಮಕ್ಕಳು. ಒಬ್ಬೊಬ್ಬರಿಗೆ ಬ್ರೇಕ್‌ಗೆ ಒಂದು, ಊಟಕ್ಕೆ ಒಂದು. ಅಲ್ಲಿಗೆ ದಿನಕ್ಕೆ ಹತ್ತು ಡಬ್ಬಿ. ಅರೆಕೆರೆಯಿಂದ ಐದೂ ಹತ್ತರ ಬಸ್ಸು ಹತ್ತಿ ಜಯದೇವ ಆಸ್ಪತ್ರೆಯ ಹತ್ತಿರ ಇಳಿದು, ಅಲ್ಲಿಂದ ಬಿರಬಿರನೆ ನಡೆದರೆ ಮೊದಲನೇ ಮನೆ. ಎಂಟೂ ಮುಕ್ಕಾಲಿಗೆ ನಾಲ್ಕನೇ ಮನೆಯ ಬಾಗಿಲು ಎಳೆದುಕೊಂಡು ಹೊರಗೆ ಬಂದರೆ ಅವರ ದಿನದ ಗಂಡಾಂತರ ಕಳೆದ ಹಾಗೆ.

ಡಬ್ಬಿಗೆ ಏನು ಹಾಕಬೇಕು ಅನ್ನುವುದರಲ್ಲಿ ಅವರದೇ ಒಂದು ಕಾನೂನಿದೆ. ಚಮಚ ಕಳಕೊಂಡರೂ ಮಗು ತಿನ್ನುವಂತಿರಬೇಕು. ಹದಿನೈದು ನಿಮಿಷದಲ್ಲಿ ಮುಗಿಯಬೇಕು. ಯೂನಿಫಾರ್ಮಿನ ಮೇಲೆ ಬೀಳಬಾರದು. ಆದ್ದರಿಂದ ಸಾರು, ಹುಳಿಗೆ ಜಾಗವಿಲ್ಲ. ಚಪಾತಿಗೆ ತುಪ್ಪ ಬೆಲ್ಲ ಸವರಿ ಸುರುಳಿ ಸುತ್ತಿ ನಾಲ್ಕು ತುಂಡು ಮಾಡುತ್ತಾರೆ. ದೋಸೆ ಹಿಟ್ಟಿದ್ದರೆ ಪಡ್ಡು, ಹಿಟ್ಟು ಹುಳಿ ಬಂದ ದಿನ ಕ್ಯಾರೆಟ್ ಉದುರಿಸಿ ಅಂಗೈಯಗಲದ ಊತಪ್ಪ. ಮೊಸರನ್ನವಾದರೆ ಅನ್ನಕ್ಕೆ ಹಾಲೇ ಹೆಚ್ಚು ಹಾಕಿ ಒಂದೇ ಚಮಚ ಮೊಸರು ಕಲಸುತ್ತಾರೆ. ಊಟದ ಬೆಲ್ ಹೊಡೆಯುವ ಹೊತ್ತಿಗೆ ಅದು ಡಬ್ಬಿಯೊಳಗೇ ಹದವಾಗಿ ಹೆಪ್ಪಾಗಿರುತ್ತದೆ, ಹುಳಿ ಇರುವುದಿಲ್ಲ. ಮಾರನೇ ದಿನಕ್ಕೆ ಬೇಕಾದ ತಯಾರಿಯನ್ನು ಹಿಂದಿನ ಸಂಜೆಯೇ ವಾಟ್ಸಾಪಿನಲ್ಲಿ ಮಾತಾಡಿ ಕಳಿಸುತ್ತಾರೆ. ಕಡಲೆಬೇಳೆ ನೆನೆಹಾಕಿ ಮೇಡಂ, ಎರಡು ಆಲೂಗಡ್ಡೆ ಬೇಯಿಸಿಡಿ ಮೇಡಂ, ಹೀಗೆ. ದೊಡ್ಡ ದೊಡ್ಡ ಆಫೀಸಿನಲ್ಲಿ ಹತ್ತಾರು ಜನರನ್ನು ಆಳುವ ಹೆಂಗಸರು ಆ ದನಿಗೆ ಸುಮ್ಮನೆ ತಲೆಬಾಗುತ್ತಾರೆ.

ಅಷ್ಟೆಲ್ಲ ಬಿರುಸಿನ ನಡುವೆ ಒಂದು ವಿಚಿತ್ರವಿದೆ. ಪರಾಠ ಆಯಿತು, ಇನ್ನೇನು ಡಬ್ಬಿಗೆ ತುಂಬುತ್ತಾರೆ ಅನ್ನುವಾಗ ಅವರು ಅದನ್ನು ಅಗಲವಾದ ತಟ್ಟೆಯಲ್ಲಿ ಹರಡಿ, ಹಾಲ್‌ಗೆ ತಂದು, ಫ್ಯಾನನ್ನು ಐದಕ್ಕೆ ತಿರುಗಿಸುತ್ತಾರೆ. ಹತ್ತು ನಿಮಿಷ. ಸ್ನಾನಕ್ಕೆ ಹೋದವರು ಟವೆಲಿಗೆ ಕೂಗುತ್ತಾರೆ, ವ್ಯಾನಿನವನು ಕೆಳಗೆ ಹಾರ್ನ್ ಹೊಡೆಯುತ್ತಾನೆ, ಇವರು ಮಾತ್ರ ತಟ್ಟೆಯ ಪಕ್ಕ ಕಾವಲು ನಿಂತಿರುತ್ತಾರೆ. ಆಮೇಲೆ ತುಂಬಿ, ಮುಚ್ಚಳವಿಟ್ಟು, ಒಂದೇ ಒಂದು ಬೆರಳಿನಿಂದ ಮೆಲ್ಲಗೆ ಒತ್ತುತ್ತಾರೆ. ನಾಲ್ಕೂ ಮನೆಯಲ್ಲಿ ಇದೇ ಕಥೆ. ಒಂದು ಮನೆಯವರಂತೂ, ಬಿಸಿಬಿಸಿ ಮಾಡಿದ್ದನ್ನು ತಣ್ಣಗೆ ಮಾಡಿ ಕಳಿಸುವುದಕ್ಕೆ ನೀವು ಯಾಕೆ ಬೇಕು ಅಂತ ಮುಖಕ್ಕೇ ಕೇಳಿದ್ದಾರಂತೆ. ಈ ಹತ್ತು ನಿಮಿಷಕ್ಕೋಸ್ಕರ ಅವರು ಐದೂವರೆಯ ಬಸ್ಸು ಬಿಟ್ಟು ಐದೂ ಹತ್ತರ ಬಸ್ಸಿಗೆ ಬರಲು ಶುರು ಮಾಡಿದರು ಅನ್ನುವುದು ಆ ಮನೆಯವರಿಗೆ ಗೊತ್ತಿಲ್ಲ.

ಸಿದ್ದಗಂಗಮ್ಮ ಗುಬ್ಬಿ ತಾಲ್ಲೂಕಿನವರು. ಮದುವೆಯಾಗಿ ಬೆಂಗಳೂರಿಗೆ ಬಂದು ಮೂವತ್ತು ವರ್ಷ ಹತ್ತಿರ ಬಂತು. ಗಂಡ ಕರಿಬಸವಯ್ಯ ವಿಲ್ಸನ್ ಗಾರ್ಡನ್ನಿನ ಒಂದು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸಕ್ಕಿದ್ದಾರೆ. ಇವರು ಹದಿನಾರು ವರ್ಷ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದವರು. ಬೆಳಿಗ್ಗೆ ಏಳಕ್ಕೆ ಕಂಪನಿಯ ಬಸ್ಸು ಬರುತ್ತಿತ್ತು. ಅಷ್ಟರೊಳಗೆ ಗಂಡನಿಗೆ, ತನಗೆ, ಮಗಳು ಸುನಿತಾಗೆ ಮೂರು ಡಬ್ಬಿ ಕಟ್ಟಬೇಕು. ಮೂರಕ್ಕೂ ಒಂದೇ ಚಿತ್ರಾನ್ನ. ವಾರದಲ್ಲಿ ನಾಲ್ಕು ದಿನ ಅದೇ. ಮಗಳ ಡಬ್ಬಿ ಮಾತ್ರ ಸಂಜೆ ಮನೆಗೆ ಬರುವಾಗ ಫಳಫಳ ಹೊಳೆಯುತ್ತಿತ್ತು. ತಿಂದು, ಶಾಲೆಯ ನಲ್ಲಿಯಲ್ಲೇ ತೊಳೆದುಕೊಂಡು ಬರುವ ಮಗಳನ್ನು ಕಂಡು ತಾಯಿಗೆ ಹೆಮ್ಮೆಯೋ ಹೆಮ್ಮೆ. ವಠಾರದಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದರು.

ತನ್ನ ಮದುವೆಗೆ ನಾಲ್ಕು ದಿನ ಇದೆ ಅನ್ನುವಾಗ, ಹಳೇ ಪಾತ್ರೆ ಕಟ್ಟುತ್ತಾ ಕೂತಿದ್ದ ಸುನಿತಾ ಆ ಡಬ್ಬಿ ಕೈಗೆ ಸಿಕ್ಕಿ ನಕ್ಕುಬಿಟ್ಟಳಂತೆ. ಮೂರು ವರ್ಷ ತಾನು ಆ ಚಿತ್ರಾನ್ನವನ್ನು ಶಾಲೆಯ ಹಿಂದಿನ ಬೇವಿನ ಮರದ ಕಾಗೆಗಳಿಗೆ ಹಾಕುತ್ತಿದ್ದೆ ಅಂದಳು. ಮಧ್ಯಾಹ್ನದ ಹೊತ್ತಿಗೆ ಅದು ಗಟ್ಟಿಯಾಗಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಮ್ಮ ಬೇಜಾರು ಮಾಡಿಕೊಂಡಾಳು ಅಂತ ತೊಳೆದು ತರುತ್ತಿದ್ದಳು.

"ಅವಳು ನಗ್ತಾನೇ ಹೇಳಿದ್ಲು. ನಂಗೆ ಮಾತ್ರ ಕರುಳು ಕಿತ್ತು ಬಂದಂಗಾಯ್ತು," ಅನ್ನುತ್ತಾರೆ ಸಿದ್ದಗಂಗಮ್ಮ. "ಮೂರು ವರ್ಷ ನನ್ನ ಮಗಳು ಮಧ್ಯಾಹ್ನ ಹಸ್ಕೊಂಡಿದ್ಲು. ತಿಂದ್ಯಾ ಕಂದ ಅಂತ ಒಂದಿನ ಕೇಳ್ಲಿಲ್ಲ ನಾನು. ಡಬ್ಬಿ ನೋಡಿ ಖುಷಿಪಟ್ಕೊಂಡು ಮಲಗ್ತಿದ್ದೆ."

ಹಾಗಾಗಿ, ಗಾರ್ಮೆಂಟ್ಸ್ ಬಿಟ್ಟು ಈ ಕೆಲಸಕ್ಕೆ ಬಂದಾಗ ಅವರು ಮನೆಯವರಿಗೆ ಹಾಕಿದ ಷರತ್ತು ಒಂದೇ. ಶಾಲೆಯಿಂದ ಬಂದ ಡಬ್ಬಿಯನ್ನು ತೊಳೆಯಬಾರದು. ಅದು ಮಗುವಿನ ಬ್ಯಾಗಿನಿಂದ ಹೇಗೆ ಬಂತೋ ಹಾಗೇ ಸಿಂಕಿನಲ್ಲಿರಬೇಕು. ವಾಸನೆ ಬರತ್ತೆ, ಜಿರಲೆ ಬರತ್ತೆ ಅಂತ ಮೂಗು ಮುರಿದವರುಂಟು. ನೀರು ಹಾಕಿ ಮುಚ್ಚಿಡ್ತೀವಿ ಅಂದರೆ ಅದೂ ಬೇಡವಂತೆ. ತೊಳೆದ ಡಬ್ಬಿಯನ್ನು ತಾನು ನಂಬುವುದಿಲ್ಲ ಅಂದುಬಿಟ್ಟರು. ಒಪ್ಪಿದವರ ಮನೆಗೆ ಮಾತ್ರ ಹೋದರು.

ಇಷ್ಟು ಹುಷಾರಿರುವ ಹೆಂಗಸು ಕೂಡ ಹೋದ ಜೂನ್ ತಿಂಗಳಲ್ಲಿ ಮೋಸ ಹೋದರು. ಅದೂ ತಮ್ಮ ಕೈಯಿಂದಲೇ.

ಅವರ ಮೂರನೇ ಮನೆ ರಾಗಿಗುಡ್ಡದ ಹಿಂದಿನ ರಸ್ತೆಯಲ್ಲಿದೆ. ಮಗುವಿನ ಹೆಸರು ತನ್ಮಯಿ, ಐದು ವರ್ಷ, ಯುಕೆಜಿ. ತಾಯಿ ಶರ್ವಾಣಿ, ತಂದೆ ಮಯೂರ್, ಇಬ್ಬರೂ ಕೆಲಸಕ್ಕೆ ಹೋಗುವವರು. ಮಗುವನ್ನು ಶಾಲೆಗೆ ಬಿಟ್ಟು, ಎರಡೂವರೆಗೆ ಕರೆತರುವುದು ತಾತ ಅನಂತರಾಮು ಅವರ ಕೆಲಸ. ವಿಮಾ ಕಚೇರಿಯಿಂದ ನಿವೃತ್ತರಾಗಿ ಹನ್ನೊಂದು ವರ್ಷವಾದ, ಸಕ್ಕರೆ ಕಾಯಿಲೆಯಿರುವ, ಮೊಮ್ಮಗಳೆಂದರೆ ಕರಗಿ ನೀರಾಗುವ ಮನುಷ್ಯ.

ಶಾಲೆ ಶುರುವಾಗುವಾಗ ಶರ್ವಾಣಿ ಹೊಸ ಊಟದ ಡಬ್ಬಿ ತಂದಿದ್ದರು. ಹಳೆಯದು ಪ್ಲಾಸ್ಟಿಕ್, ಅದರಲ್ಲಿ ಬಿಸಿ ಹಾಕುವುದು ಒಳ್ಳೆಯದಲ್ಲ ಅಂತ ಎಲ್ಲೋ ಓದಿದ್ದರು. ಇದು ಗಟ್ಟಿ ಸ್ಟೀಲು, ಮುಚ್ಚಳಕ್ಕೆ ಸುತ್ತಲೂ ರಬ್ಬರ್ ರಿಂಗು, ತಲೆಕೆಳಗು ಮಾಡಿದರೂ ಒಂದು ತೊಟ್ಟು ಸೋರುವುದಿಲ್ಲ. ಸಿದ್ದಗಂಗಮ್ಮನಿಗೆ ನೋಡಿದ ಕೂಡಲೇ ಇಷ್ಟವಾಯಿತು. ಬಾಣಲೆಯಿಂದ ಇಳಿಸಿದ್ದನ್ನು ಹೊಗೆಯಾಡುತ್ತಿರುವಾಗಲೇ ತುಂಬಿ, ಅಂಗೈ ಇಟ್ಟು ಒಂದು ಸಲ ಮೈಭಾರ ಬಿಟ್ಟು ಒತ್ತಿದರೆ ಮುಗಿಯಿತು. ಹದಿನಾರು ವರ್ಷ ಮೆಷಿನ್ ತುಳಿದು, ಬಟ್ಟೆ ಎಳೆದ ಕೈ ಅದು. ಮಗು ಬಿಸಿಬಿಸಿ ತಿನ್ನಲಿ ಅನ್ನುವ ಆಸೆ ಬೇರೆ.

ಡಬ್ಬಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರತೊಡಗಿತು. ತಾತ ಮನೆಗೆ ಬಂದು ಮುಚ್ಚಳ ತೆಗೆದು ನೋಡುವುದು, ಸಂಜೆ ಶರ್ವಾಣಿ ನೋಡುವುದು, ಬೆಳಿಗ್ಗೆ ಸಿದ್ದಗಂಗಮ್ಮ ನೋಡುವುದು. ಪಡ್ಡು ಬಿಟ್ಟು ಪರಾಠ ಮಾಡಿದರು, ಅದು ಬಿಟ್ಟು ಶಾವಿಗೆ, ಅದೂ ಬೇಡವೆಂದು ಬೆಲ್ಲದ ಚಪಾತಿ. ಏನು ಮಾಡಿದರೂ ಅಷ್ಟೇ. ಯಾಕೆ ತಿನ್ನಲಿಲ್ಲ ಅಂದರೆ ಮಗು ಬೇಡ ಅನ್ನಿಸ್ತು ಅನ್ನುತ್ತಿತ್ತು. ಎರಡು ವಾರ ನೋಡಿ ಶರ್ವಾಣಿಗೆ ತಾಳ್ಮೆ ಹೋಯಿತು. ಮಗುವನ್ನು ಗದರಿದರು. ಫ್ರಿಜ್ಜಿನ ಮೇಲೆ ಒಂದು ಕ್ಯಾಲೆಂಡರ್ ಅಂಟಿಸಿ, ಡಬ್ಬಿ ಖಾಲಿ ಮಾಡಿಕೊಂಡು ಬಂದ ದಿನಕ್ಕೊಂದು ಚಿನ್ನದ ಬಣ್ಣದ ಸ್ಟಾರ್ ಅಂದರು. ಸಿದ್ದಗಂಗಮ್ಮನಿಗೆ ಬೈಯಲಿಲ್ಲ, ಆದರೆ ಮಾತು ಮುಟ್ಟಿಸಿದರು. ಇನ್ನೊಂದು ತಿಂಗಳು ನೋಡೋಣ, ಆಗದಿದ್ದರೆ ಕೇಟರಿಂಗಿನವರಿಗೆ ಹೇಳಿ ಶಾಲೆಗೇ ಊಟ ಕಳಿಸುವ ಏರ್ಪಾಡು ಮಾಡುತ್ತೇವೆ ಅಂದರು. ಕೆಲಸ ಹೋಗುವುದಕ್ಕಿಂತ, ತನ್ನ ಕೈ ರುಚಿ ಮಗುವಿಗೆ ಸೇರುತ್ತಿಲ್ಲವಲ್ಲ ಅನ್ನುವುದೇ ಅವರನ್ನು ತಿಂದುಹಾಕಿತು.

ಅಂಥ ಹೊತ್ತಿನಲ್ಲಿ, ಮೂರನೇ ವಾರದಿಂದ, ಡಬ್ಬಿ ಖಾಲಿಯಾಗಿ ಬರಲು ಶುರುವಾಯಿತು. ಒಂದು ದಿನವಲ್ಲ, ದಿನಾ. ಕ್ಯಾಲೆಂಡರಿನ ತುಂಬ ಸ್ಟಾರುಗಳು. ಶರ್ವಾಣಿಯ ಮುಖದಲ್ಲಿ ನಗು. ಸಿದ್ದಗಂಗಮ್ಮನೂ ರಾಗಿಗುಡ್ಡದ ಆಂಜನೇಯನಿಗೆ ಮನೆಯ ಹೊಸ್ತಿಲಿಂದಲೇ ಕೈಮುಗಿದರು.

ಆದರೆ ಕಣ್ಣು ಸುಮ್ಮನಿರಬೇಕಲ್ಲ. ಐದಾರು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಸಿಂಕಿನ ಮುಂದೆ ನಿಂತವರಿಗೆ ಏನೋ ಸರಿಯಿಲ್ಲ ಅನ್ನಿಸಿತು. ಡಬ್ಬಿ ಖಾಲಿ, ನಿಜ. ಕರಿಬೇವು ಎಲ್ಲಿ? ಎಲ್‌ಕೆಜಿಯಲ್ಲಿದ್ದಾಗ ತನ್ಮಯಿ ಒಂದೊಂದು ಕರಿಬೇವಿನ ಎಲೆಯನ್ನೂ ಆರಿಸಿ ಡಬ್ಬಿಯ ಅಂಚಿಗೆ ಸಾಲಾಗಿ ಅಂಟಿಸಿ ತರುತ್ತಿದ್ದ ಮಗು. ಈಗ ಒಂದು ಎಲೆಯೂ ಇಲ್ಲ. ಮಾರನೇ ದಿನ ಅವಲಕ್ಕಿಗೆ ಎಣಿಸಿ ಏಳು ಎಲೆ ಹಾಕಿದರು. ಕಣ್ಣಿಗೆ ಕಾಣುವ ಹಾಗೆ ಮೇಲುಗಡೆ, ಒಗ್ಗರಣೆಯಲ್ಲಿ ಹುರಿದ ಒಂದು ಇಡೀ ಹಸಿಮೆಣಸಿನಕಾಯಿ ಇಟ್ಟರು. ಬಂದ ಡಬ್ಬಿಯಲ್ಲಿ ಏಳೂ ಎಲೆ ಇರಲಿಲ್ಲ. ಮೆಣಸಿನಕಾಯಿಯ ತೊಟ್ಟು ಮಾತ್ರ ಇತ್ತು.

"ಐದು ವರ್ಷದ ಮಗು ಹಸಿಮೆಣಸಿನಕಾಯಿ ತಿಂದು, ತೊಟ್ಟು ಎತ್ತಿಡತ್ತಾ ಹೇಳಿ," ಅಂತ ಕೇಳುತ್ತಾರೆ ಅವರು, ಈಗಲೂ ಅದೇ ಆಶ್ಚರ್ಯದಲ್ಲಿ.

ಆಮೇಲೆ ಬೇರೆ ವಿಷಯಗಳೂ ಒಂದೊಂದಾಗಿ ಕಣ್ಣಿಗೆ ಬಿದ್ದವು. ಬೆಳಿಗ್ಗೆ ಒಂದು ದೋಸೆಗೆ ಕುಂಟುನೆಪ ಹೇಳುತ್ತಿದ್ದ ಮಗು ಈಗ ಮೂರನೆಯದಕ್ಕೆ ತಟ್ಟೆ ಚಾಚುತ್ತದೆ. ಯೂನಿಫಾರ್ಮಿನ ಸ್ಕರ್ಟಿಗೆ ಸೊಂಟದ ಹತ್ತಿರ ಪಿನ್ನು ಬಂದಿದೆ. ಬ್ರೇಕಿನ ಪುಟ್ಟ ಡಬ್ಬಿಯಲ್ಲಿ ಹಾಕಿದ ಎರಡು ತುಂಡು ಸೇಬು ಬಿಟ್ಟರೆ ಎರಡೂವರೆವರೆಗೆ ಮಗುವಿನ ಹೊಟ್ಟೆಗೆ ಏನೂ ಬೀಳುತ್ತಿಲ್ಲ. ಅಷ್ಟು ಖಾತ್ರಿಯಾಯಿತು. ಊಟ ಇನ್ಯಾರದೋ ಹೊಟ್ಟೆಗೆ ಹೋಗುತ್ತಿದೆ.

ಹೇಳುವುದು ಹೇಗೆ? ಹೇಳಿದರೆ, ಸ್ಟಾರು ಅಂಟಿಸಿಕೊಂಡು ಕುಣಿಯುವ ಮಗುವನ್ನು ತಾಯಿಯ ಮುಂದೆ ಸುಳ್ಳಿ ಅಂದ ಹಾಗೆ. ತನ್ನ ಕೆಲಸಕ್ಕೆ ತಾನೇ ಕಲ್ಲು ಹಾಕಿಕೊಂಡ ಹಾಗೆ. ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ, ಎಲ್ಲರೂ ಖುಷಿಯಾಗಿದ್ದಾರೆ. ಎರಡು ದಿನ ಅವರು ಒದ್ದಾಡಿದರು. ಮೂರನೇ ದಿನ, ಶುಕ್ರವಾರ, ಮನೆಗೆ ಹೋಗದೆ ಶಾಲೆಯ ಗೇಟಿನ ಎದುರು ಎಳನೀರು ಗಾಡಿಯ ಮರೆಯಲ್ಲಿ ನಿಂತರು. ಎರಡೂವರೆಗೆ ಬೆಲ್ ಹೊಡೆಯಿತು. ತಾತ ಮೊಮ್ಮಗಳ ಬ್ಯಾಗು ಹೆಗಲಿಗೇರಿಸಿಕೊಂಡು, ಕೈಹಿಡಿದು, ಮನೆ ಕಡೆ ಹೋಗುವ ಬದಲು ತಿರುವಿನ ಪಾರ್ಕಿಗೆ ಹೊಕ್ಕರು.

ಇವರೂ ಹಿಂದೆಯೇ ಹೋಗಿ ನೋಡಿದರೆ, ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಅನಂತರಾಮು. ತೊಡೆಯ ಮೇಲೆ ಆ ಸ್ಟೀಲ್ ಡಬ್ಬಿ. ಪಕ್ಕದಲ್ಲಿ ತನ್ಮಯಿ ಬಿಸ್ಕತ್ ಕಡಿಯುತ್ತಾ, ಯಾರಾದರೂ ಬರುತ್ತಾರಾ ಅಂತ ರಸ್ತೆ ಕಡೆ ನೋಡುತ್ತಾ ಕಾವಲು ಕೂತಿದ್ದಾಳೆ. ತಾತ ಮುಚ್ಚಳ ಎಳೆದರು, ಬರಲಿಲ್ಲ. ಪಂಚೆಯಲ್ಲಿ ಹಿಡಿದು ತಿರುಗಿಸಿದರು, ಬರಲಿಲ್ಲ. ಕೊನೆಗೆ ಜೇಬಿನಿಂದ ಒಂದು ಚಮಚ ತೆಗೆದು, ಅದರ ಹಿಂಬದಿಯನ್ನು ರಿಂಗಿನ ಸಂದಿಗೆ ತೂರಿಸಿ ಮೀಟಿದರು. ಪಟ್ ಅಂತ ಸದ್ದಾಯಿತು.

ಸಿದ್ದಗಂಗಮ್ಮನಿಗೆ ಆ ಸದ್ದು ಎದೆಯೊಳಗೇ ಆದ ಹಾಗಾಯಿತಂತೆ. ಸಿಟ್ಟು ಮಾಡಬೇಕು ಅಂತ ಬಂದವರು ಸಿಟ್ಟು ಮರೆತು ಬೆಂಚಿನ ಹತ್ತಿರ ಹೋಗಿ ನಿಂತರು.

"ಸಾರ್, ದಿನಾ ಇಷ್ಟು ಬಿಗಿ ಇರತ್ತಾ ಇದು?"

ಕಳ್ಳತನದಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ ತಾತ ಡಬ್ಬಿ ಪಕ್ಕಕ್ಕಿಟ್ಟರು. "ದಿನಾ ಹಿಂಗೇ ಸಿದ್ದಗಂಗಮ್ಮ. ವಯಸ್ಸಾಯ್ತಲ್ಲ, ನನ್ನ ಕೈಲೇ ಶಕ್ತಿ ಹೋಗಿದೆ ಅಂದ್ಕೊಂಡಿದ್ದೆ."

ಆಮೇಲೆ ಅವರೇ ಎಲ್ಲ ಹೇಳಿಕೊಂಡರು. ತಾಯಿ ಗದರಿದ ಮಾರನೇ ದಿನ ಮಗು ತುಂಬಿದ ಡಬ್ಬಿ ತಾತನ ಕೈಗಿಟ್ಟು, ಅಮ್ಮನಿಗೆ ಹೇಳಬೇಡ ಅಂತ ಅತ್ತಿತ್ತು. ಅನ್ನ ಚೆಲ್ಲುವುದಕ್ಕೆ ಅವರಿಗೆ ಕೈಬರಲಿಲ್ಲ. ಹಾಗಾಗಿ ತಾವೇ ತಿಂದರು. ಒಂದು ದಿನ ತಿಂದವರು ದಿನಾ ತಿಂದರು. ಬೆಲ್ಲದ ಚಪಾತಿ, ತುಪ್ಪದ ಪರಾಠ, ಎಲ್ಲ. ಹಿಂದಿನ ವಾರವಷ್ಟೇ ಸಕ್ಕರೆ ಮೇಲೇರಿದೆ ಅಂತ ಡಾಕ್ಟರು ಮಾತ್ರೆ ಜಾಸ್ತಿ ಮಾಡಿದ್ದರು. ಮನೆಯಲ್ಲಿ ರಾಗಿ ಮುದ್ದೆ, ಸೊಪ್ಪು ಬಿಟ್ಟು ಬೇರೆ ತಿನ್ನದ ಮಾವನಿಗೆ ಇದೇನಪ್ಪ ಅಂತ ಶರ್ವಾಣಿ ತಲೆ ಕೆಡಿಸಿಕೊಂಡಿದ್ದರು.

ಸಿದ್ದಗಂಗಮ್ಮ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತರು. "ಪುಟ್ಟಿ, ಇದನ್ನ ತೆಗೆಯಕ್ಕೆ ನಿಂಗೆ ಬರಲ್ವಾ?" ಅಂತ ಕೇಳಿದರು.

ಮಗು ಬಿಸ್ಕತ್ತನ್ನು ಬೆಂಚಿನ ಮೇಲಿಟ್ಟಿತು. "ಮನೇಲಿ ಬರತ್ತೆ ಆಂಟಿ. ಸ್ಕೂಲಲ್ಲಿ ಬರಲ್ಲ."

ಆಯಾ ಹತ್ತಿರ ಕೊಡಬಾರದಾ ಅಂದರೆ, ಯುಕೆಜಿಯವರು ಅವರವರ ಡಬ್ಬಿ ಅವರವರೇ ತೆಗೆಯಬೇಕಂತೆ. ಬೇರೆಯವರ ಹತ್ತಿರ ತೆಗೆಸಿಕೊಂಡರೆ ಎಲ್‌ಕೆಜಿ ಬೇಬಿ ಅಂತ ಮಕ್ಕಳು ನಗುತ್ತಾರಂತೆ. ಹಾಗಾದರೆ ಎಲ್ಲರೂ ತಿನ್ನುವಾಗ ನೀನು ಏನು ಮಾಡುತ್ತೀಯ ಅಂತ ಕೇಳಿದಾಗ ಮಗು ಹೇಳಿದ ಮಾತನ್ನು ಸಿದ್ದಗಂಗಮ್ಮ ಇವತ್ತಿಗೂ ಪೂರ್ತಿ ಹೇಳಲಾರರು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಕೈಯಿಟ್ಟುಕೊಂಡು ಕೂತಿರುತ್ತಿತ್ತಂತೆ. ಬೆಲ್ ಹೊಡೆದ ಮೇಲೆ ಬ್ಯಾಗಿಗೆ ಹಾಕುತ್ತಿತ್ತಂತೆ. ಮಗುವನ್ನು ಎತ್ತಿಕೊಂಡು ಅವರು ಅಲ್ಲೇ ಪಾರ್ಕಿನಲ್ಲಿ ಅತ್ತರು, ತಾತ ಆಚೆ ತಿರುಗಿ ಕನ್ನಡಕ ಒರೆಸಿಕೊಂಡರು.

ಮನೆಯಲ್ಲಿ ಬರುವುದು ಶಾಲೆಯಲ್ಲಿ ಯಾಕೆ ಬರುವುದಿಲ್ಲ? ಡಬ್ಬಿ ತಂದ ದಿನ ಶರ್ವಾಣಿ ಕೂಡ ಮಗುವಿನ ಕೈಯಲ್ಲೇ ಹತ್ತು ಸಲ ತೆಗೆಸಿ ನೋಡಿದ್ದರು. ಸಲೀಸಾಗಿ ಬಂದಿತ್ತು. ಸಿದ್ದಗಂಗಮ್ಮ ಆ ಡಬ್ಬಿಯನ್ನು ತಾತನಿಂದ ಕೇಳಿ ಪಡೆದು ಅರೆಕೆರೆಗೆ ಒಯ್ದರು. ಶನಿವಾರ ಬೆಳಿಗ್ಗೆ ಬಿಸಿ ಅವಲಕ್ಕಿ ತುಂಬಿ, ಯಾವತ್ತಿನ ಹಾಗೆ ಅಂಗೈಯಿಂದ ಒತ್ತಿ, ಕಿಟಕಿಯ ಮೇಲಿಟ್ಟರು. ಮಧ್ಯಾಹ್ನ ಹನ್ನೆರಡಕ್ಕೆ ಗಂಡನ ಕೈಗೆ ಕೊಟ್ಟರು. ದಿನವಿಡೀ ರಟ್ಟು ಬಿಗಿದು ಕಟ್ಟುವ ಕರಿಬಸವಯ್ಯನಿಗೂ ಬರಲಿಲ್ಲ. ಒಳಗಿನ ಬಿಸಿ ಆರುತ್ತಾ ಆರುತ್ತಾ ಮುಚ್ಚಳವನ್ನು ಒಳಕ್ಕೆ ಎಳೆದುಕೊಂಡುಬಿಟ್ಟಿತ್ತು. ಭಾನುವಾರ ಬೆಳಿಗ್ಗೆ ಮತ್ತೆ ಅವಲಕ್ಕಿಯನ್ನೇ ಮಾಡಿ, ತಟ್ಟೆಯಲ್ಲಿ ಆರಿಸಿ ತುಂಬಿ, ಬೆರಳಲ್ಲಿ ಮುಚ್ಚಿಟ್ಟರು. ಮಧ್ಯಾಹ್ನ ಪಕ್ಕದ ಮನೆಯ ಮೂರು ವರ್ಷದ ಕೂಸು ಆಟ ಆಡುತ್ತಾ ತೆಗೆದುಬಿಟ್ಟಿತು.

ಅಂದರೆ ಯಾವುದು ಪ್ರೀತಿ ಅಂತ ಮಾಡಿದ್ದರೋ, ಆ ಬಿಸಿಯೇ ಮಗುವಿನ ಊಟಕ್ಕೆ ಬೀಗ ಜಡಿದಿತ್ತು. ಅದರ ಮೇಲೆ ಈ ಕೈಯ ಬಲ ಬೇರೆ.

ಭಾನುವಾರ ಸಂಜೆ ಅವರು ಶರ್ವಾಣಿಯ ಮನೆಗೆ ಹೋದರು. ತಾತನೂ ಜೊತೆಗೆ ನಿಂತರು. ತಪ್ಪು ತನ್ನ ಕೈಯದು, ಮಗುವಿಗೆ ಏನೂ ಅನ್ನಬೇಡಿ, ಬೇಕಾದರೆ ನಾಳೆಯಿಂದ ಕೇಟರಿಂಗಿನವರಿಗೆ ಹೇಳಿ ಅಂತ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದರು. ಶರ್ವಾಣಿ ಕೂಗಾಡಲಿಲ್ಲ. ಫ್ರಿಜ್ಜಿನ ಮೇಲಿನ ಸ್ಟಾರುಗಳನ್ನು ನೋಡುತ್ತಾ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟರು.

"ನಾನು ಡಬ್ಬಿ ಮಾತ್ರ ನೋಡಿದೆ ಗಂಗಮ್ಮ," ಅಂದರು. "ಮಗು ಮುಖ ನೋಡ್ಲಿಲ್ಲ."

ಸಿದ್ದಗಂಗಮ್ಮ ಅವರ ಪಕ್ಕ ಕೂತು, ಬೇವಿನ ಮರ, ಕಾಗೆ, ಚಿತ್ರಾನ್ನದ ಕಥೆ ಹೇಳಿದರು. ಅಲ್ಲಿಯವರೆಗೆ ಆ ಕಥೆಯನ್ನು ಅವರು ಯಾವ ಮನೆಯಲ್ಲೂ ಹೇಳಿರಲಿಲ್ಲ. ಕೇಟರಿಂಗಿನ ಮಾತು ಅವತ್ತೇ ಮುಗಿಯಿತು. ನಾಳೆಯಿಂದ ಆರಿಸಿಯೇ ತುಂಬಿ ನೋಡೋಣ ಅಂದರು ಶರ್ವಾಣಿ. ಕ್ಯಾಲೆಂಡರಿನ ಸ್ಟಾರುಗಳೆಲ್ಲ ತಾತನವು ಅಂತ ತನ್ಮಯಿಯೇ ಒಪ್ಪಿಕೊಂಡಳು. ಒಂದೊಂದಾಗಿ ಕಿತ್ತು ತಾತನ ಅಂಗಿಯ ಮೇಲೆ ಅಂಟಿಸಿದಳು.

ಸೋಮವಾರ ಬೆಳಿಗ್ಗೆ ಮೊದಲ ಸಲ ಆ ಮನೆಯ ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಅವಲಕ್ಕಿ ಆರಿತು. ಎಣಿಸಿ ಏಳು ಎಲೆ ಕರಿಬೇವು. ಮೆಣಸಿನಕಾಯಿ ಇಲ್ಲ. ಮುಚ್ಚಳಕ್ಕೆ ಒಂದು ಬೆರಳು. ಸಂಜೆ ಯಾರೂ ಡಬ್ಬಿ ತೆಗೆದು ನೋಡಬಾರದು, ತೂಗಿ ಕೂಡ ನೋಡಬಾರದು ಅಂತ ಸಿದ್ದಗಂಗಮ್ಮ ತಾತನಿಂದ ಮಾತು ತೆಗೆದುಕೊಂಡರು. ಆಮೇಲೆ ಅರೆಕೆರೆಗೆ ಹೋಗಿ ಮಧ್ಯಾಹ್ನದ ತಟ್ಟೆಯ ಮುಂದೆ ಕೂತವರು ತುತ್ತು ಎತ್ತಲಿಲ್ಲ. ಗಡಿಯಾರದಲ್ಲಿ ಹನ್ನೆರಡೂ ಹತ್ತಾಗುವವರೆಗೆ ಕೈ ತಟ್ಟೆಯಲ್ಲೇ ಇತ್ತು. ಅದು ಶಾಲೆಯಲ್ಲಿ ಊಟದ ಬೆಲ್ ಹೊಡೆಯುವ ಹೊತ್ತು. ಅವತ್ತಿನಿಂದ ಅವರಿಗೆ ಅದೇ ರೂಢಿಯಾಗಿದೆ, ಹನ್ನೆರಡೂ ಹತ್ತಕ್ಕೆ ಮೊದಲು ಉಣ್ಣುವುದಿಲ್ಲ. ಆರು ವರ್ಷದಿಂದ ಈ ಕೆಲಸ ಮಾಡುತ್ತಿದ್ದರೂ, ತಾವು ಕಟ್ಟಿದ ಡಬ್ಬಿಯನ್ನು ಒಂದು ಮಗು ಶಾಲೆಯಲ್ಲಿ ಕೂತು ತಿನ್ನುವುದನ್ನು ಅವರು ಕಣ್ಣಾರೆ ಕಂಡಿಲ್ಲ. "ಒಂದೇ ಒಂದು ಸಲ ಕಿಟಕಿಯಿಂದ ನೋಡ್ಬೇಕು ಅಂತ ಆಸೆ. ಒಳಗೆ ಬಿಡಲ್ಲ ಬಿಡಿ, ಯಾರಂತ ಬಿಡ್ತಾರೆ," ಅಂತ ತಮ್ಮ ಮಾತಿಗೆ ತಾವೇ ನಗುತ್ತಾರೆ.

ಮಂಗಳವಾರ ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಆ ಮನೆಯ ಬಾಗಿಲು ತೆಗೆದಾಗ ಅಡುಗೆಮನೆಯಲ್ಲಿ ಮೂವರೂ ನಿಂತಿದ್ದರು. ನಿದ್ದೆಯಿಲ್ಲದೆ ರಾತ್ರಿ ಕಳೆದ ತಾತ, ಆಫೀಸಿನ ಬ್ಯಾಗು ಹೆಗಲಿಗೇರಿಸಿದ್ದ ಶರ್ವಾಣಿ, ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡ ತನ್ಮಯಿ. ಡಬ್ಬಿ ಸಿಂಕಿನಲ್ಲಿ ಹಾಗೇ ಇತ್ತು. ಸಿದ್ದಗಂಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಮುಚ್ಚಳ ತೆಗೆದರು.

ತಳದಲ್ಲಿ ಅರ್ಧ ತುತ್ತು ಅವಲಕ್ಕಿ ಉಳಿದಿತ್ತು. ಡಬ್ಬಿಯ ಅಂಚಿನುದ್ದಕ್ಕೂ, ಪುಟ್ಟ ಬೆರಳು ಒತ್ತಿ ಅಂಟಿಸಿದ್ದ ಕರಿಬೇವಿನ ಎಲೆಗಳು ಸಾಲಾಗಿ ನಿಂತಿದ್ದವು. ಅವರು ಬೆರಳಿಟ್ಟು ಒಂದೊಂದಾಗಿ ಎಣಿಸಿದರು. ಇನ್ನೊಂದು ಸಲ ಎಣಿಸಿದರು. ಡಬ್ಬಿಯನ್ನು ತಾತನ ಕಡೆ ತಿರುಗಿಸಿ ಹಿಡಿದರು.

"ಏಳು ಹಾಕಿದ್ದೆ ಸಾರ್. ಏಳೂ ವಾಪಸ್ ಬಂದಿದೆ."